ಮೂರನೇ ಕುರ್ಚಿಯ ಹೆಡ್‌ಫೋನು

ಜೂನ್ 4

ಪ್ರೀತಿಯ ಮರಿಗೆ ಅಕ್ಕನ ಆಶೀರ್ವಾದ.

ಮೊದಲು ಜಗಳ, ಆಮೇಲೆ ವಿಷಯ. ಹೋದ ವಾರ ನಾನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಅಂಗಡೀಲಿ ಗದ್ದಲ ಅಕ್ಕ, ಏನಿದ್ದರೂ ಕಾಗದ ಬರಿ" ಅಂತ ನೀನು ಇಟ್ಟುಬಿಟ್ಟೆ. ಲೋಕವೆಲ್ಲ ಕಾಗದ ಬಿಟ್ಟು ಫೋನಿಗೆ ಬಂದಿದೆ. ಕಿವಿಗೆ ಹಾಕುವ ಸಾಮಾನು ಮಾರುವ ನೀನೊಬ್ಬ ಫೋನ್ ಬಿಟ್ಟು ಕಾಗದಕ್ಕೆ ಹೋಗಿದ್ದೀಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಐವತ್ತನೇ ವಯಸ್ಸಿನಲ್ಲಿ ಪೆನ್ನು ಕೊಟ್ಟಿದ್ದೀಯ. ಅಕ್ಷರ ನೋಡಿ ನಕ್ಕರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ನಲವತ್ತನಾಲ್ಕು ವರ್ಷದವನು ಅಂತಲೂ ನೋಡಲ್ಲ.

ವಿಷಯ ಇದು. ಆಸ್ಪತ್ರೆಯಲ್ಲಿ ನನ್ನನ್ನು ಈಗ ಡಯಾಲಿಸಿಸ್ ವಾರ್ಡಿಗೆ ಹಾಕಿದ್ದಾರೆ. ನೆಲ ಒರೆಸುವುದು, ಕಂಬಳಿ ಹೊದಿಸುವುದು, ಬಾಯಾರಿದವರಿಗೆ ಅಳೆದು ಎರಡು ಗುಟುಕು ನೀರು ಕೊಡುವುದು ನನ್ನ ಕೆಲಸ. ಆರು ಕುರ್ಚಿ, ಆರು ಯಂತ್ರ. ಕಿಡ್ನಿ ಕೆಟ್ಟವರು ವಾರಕ್ಕೆ ಮೂರು ದಿನ ಬಂದು ನಾಲ್ಕು ನಾಲ್ಕು ಗಂಟೆ ಕೂರಬೇಕು. ರಕ್ತ ಒಂದು ಕೊಳವೆಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬರುತ್ತದೆ. ಯಂತ್ರ ಗುಂಯ್ ಅನ್ನುತ್ತಲೇ ಇರುತ್ತದೆ, ನಡುನಡುವೆ ಕೀಂಕ್ ಕೀಂಕ್ ಅಂತ ಕಿರುಚುತ್ತದೆ. ನನಗೇ ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ದೇವರ ಬದಲು ಆ ಗುಂಯ್ ಕೇಳಿಸುತ್ತದೆ.

ಮೂರನೇ ಕುರ್ಚಿಯಲ್ಲಿ ಒಬ್ಬ ವಯಸ್ಸಾದವರು ಇದ್ದಾರೆ. ಸಂಗೀತ ಗೊತ್ತಿರುವವರು. ಈ ಸದ್ದು ಕೇಳುತ್ತಾ ನಾಲ್ಕು ಗಂಟೆ ಕೂರುವುದಕ್ಕಿಂತ ಸಾಯುವುದೇ ವಾಸಿ, ಈ ತಿಂಗಳು ಕಳೆಯಲಿ, ಆಮೇಲೆ ಬರಲ್ಲ ಅಂದುಬಿಟ್ಟಿದ್ದಾರೆ. ಬಾಯಿಮಾತಲ್ಲ. ಬರದಿದ್ದರೆ ಹತ್ತು ಹದಿನೈದು ದಿನ, ಅಷ್ಟೇ ಅಂತ ದೊಡ್ಡ ಸಿಸ್ಟರ್ ಹೇಳಿದರು. ಅವರ ಸೊಸೆ ಫೋನಿನಲ್ಲಿ ಹಾಡು ಹಾಕಿಕೊಟ್ಟಿದ್ದಾಳೆ. ಆದರೆ ಕಿವಿಗೆ ಸಿಕ್ಕಿಸುವ ಆ ಗುಂಡಿಗಳು ಬಿದ್ದು ಬಿದ್ದು ಹೋಗುತ್ತವೆ, ಸದ್ದೂ ಸೊಳ್ಳೆಯ ಹಾಗೆ.

ನಿನ್ನಲ್ಲಿ ದೊಡ್ಡ ದೊಡ್ಡವರು ಕೊಳ್ಳುವ ಹೆಡ್‌ಫೋನ್ ಇವೆಯಲ್ಲ, ಅಂಥದ್ದೊಂದು ಬೇಕು. ಅವರದು ಊದುವ ವಾದ್ಯದ ಸಂಗೀತ. ಬೇಗ ಕಳಿಸು.

ನಿನ್ನ ಅಕ್ಕ


ಜೂನ್ 10

ಅಕ್ಕಾ,

ಅಕ್ಷರ ನೋಡಿ ನಗಲಿಲ್ಲ. ಬೈಗುಳ ನೋಡಿ ನಕ್ಕೆ.

ಒಂದು ವಿಷಯ ತಿಳಿದುಕೋ. ಒಳ್ಳೇ ಹೆಡ್‌ಫೋನ್ ಅಂತ ಒಂದು ಸಾಮಾನೇ ಇಲ್ಲ. ಯಾವ ಸಂಗೀತಕ್ಕೆ ಒಳ್ಳೇದು ಅನ್ನೋದೇ ಪ್ರಶ್ನೆ. ಮೊನ್ನೆ ಒಬ್ಬ ವಕೀಲರು ಬಂದು "ಎಲ್ಲಕ್ಕಿಂತ ದುಬಾರಿದು ಕೊಡಿ" ಅಂದರು. ಏನು ಕೇಳ್ತೀರಿ ಸಾರ್ ಅಂದೆ. ಡ್ರಮ್ಮು ಅಂದರು. ಅವರು ಬೆರಳು ತೋರಿಸಿದ್ದು ಹಾಡುಗಾರರ ಗಂಟಲಿಗೆ ಹೇಳಿ ಮಾಡಿಸಿದಂಥದ್ದು. ಅದರಲ್ಲಿ ಡ್ರಮ್ಮು ಕೇಳಿದರೆ ಹಿಟ್ಟಿನ ಚೀಲ ಬಡಿದ ಹಾಗೆ. ಅರ್ಧ ಬೆಲೆಯದು ಕೊಟ್ಟು ಕಳಿಸಿದೆ. ನಮ್ಮ ಯಜಮಾನರು ಎರಡು ದಿನ ನನ್ನ ಮುಖ ನೋಡಲಿಲ್ಲ.

ಒಬ್ಬರೇ ಹಾಡುವುದಕ್ಕೆ ನಡುವಿನ ಸ್ವರ ಬೆಚ್ಚಗಿರಬೇಕು. ತಾಳವಾದ್ಯಕ್ಕೆ ಕಿವಿಯ ಮೇಲಿನ ಬಟ್ಟಲು ಹಿಂದುಗಡೆ ಮುಚ್ಚಿರಬೇಕು, ಆಗಲೇ ಪೆಟ್ಟು ಎದೆಗೆ ಬರೋದು. ಇಪ್ಪತ್ತು ಮೂವತ್ತು ಜನ ಸೇರಿ ನುಡಿಸುವುದಕ್ಕೆ ಬಟ್ಟಲಿನ ಹಿಂದೆ ಜಾಲರಿ ಇರಬೇಕು, ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾಗುತ್ತೆ.

ಆದರೆ ನಿನ್ನದು ಆಸ್ಪತ್ರೆ. ಅಲ್ಲಿಗೆ ಹೊರಗಿನ ಸದ್ದನ್ನೇ ನುಂಗಿಹಾಕುವಂಥದ್ದು ಬೇಕು. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಪೀಸು ಒಂದಿದೆ, ಯಜಮಾನರು ಒಪ್ಪಿದ್ದಾರೆ, ಕೊರಿಯರ್ ಮಾಡಿದ್ದೇನೆ. ಹಾಕಿಕೊಂಡರೆ ನಿನ್ನ ಗುಂಯ್ ಸತ್ತೇ ಹೋಯಿತು ಅನ್ನು.

ಊದುವ ವಾದ್ಯ ಅಂದೆಯಲ್ಲ, ಕೊಳಲು ತಾನೆ? ಬ್ಯಾಂಡ್ ಅಲ್ಲ ತಾನೆ? ಆ ಹಿತ್ತಾಳೆ ಗಲಾಟೆಯ ಸುದ್ದಿ ನನಗೆ ಬೇಡ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮರಿ


ಜೂನ್ 18

ಮರಿ,

ಸಾಮಾನು ಕಳಿಸುವ ಮುಂಚೆ ತಲೆ ಓಡಿಸಬೇಕು. ನಿನ್ನ ಹೆಡ್‌ಫೋನಿನಿಂದ ಇವತ್ತು ವಾರ್ಡಿನಲ್ಲಿ ರಾದ್ಧಾಂತ.

ಮೂರನೇ ಕುರ್ಚಿಯವರಿಗೆ ಹಾಕಿದೆ. ನಿಜ, ಗುಂಯ್ ಹೋಯಿತು. ಅದರ ಜೊತೆಗೆ ನಾವೆಲ್ಲರೂ ಹೋದೆವು. "ಯಜಮಾನರೇ, ಕೈ ಮಡಚಬೇಡಿ" ಅಂತ ದೊಡ್ಡ ಸಿಸ್ಟರ್ ಎರಡು ಸಲ ಕೂಗಿದರು. ಅವರಿಗೆ ಕೇಳಿಸಲೇ ಇಲ್ಲ. ತಾಳ ಹಾಕುತ್ತಾ ಸೂಜಿ ಚುಚ್ಚಿದ ಕೈಯನ್ನೇ ಮಡಚಿದರು. ಯಂತ್ರ ಲಬೋ ಲಬೋ ಅಂತು. ಸಿಸ್ಟರ್ ಓಡಿಬಂದು ಸರಿ ಮಾಡಿ, ನನ್ನ ಕಡೆ ತಿರುಗಿ, "ಇದನ್ನ ಇಲ್ಲಿ ಇನ್ನೊಂದು ಸಲ ಕಂಡರೆ ನೀನೂ ಇರಲ್ಲ" ಅಂದರು. ಎಲ್ಲರ ಮುಂದೆ. ಆಸ್ಪತ್ರೆ ಸೇರಿದ ಹದಿನೆಂಟು ವರ್ಷದಲ್ಲಿ ಮೊದಲನೇ ಸಲ.

ಅವರಿಗಾದರೂ ಖುಷಿಯಾಯಿತಾ? ಅದೂ ಇಲ್ಲ. "ಎಲ್ಲರೂ ಕಂಬಳಿ ಹೊದ್ದುಕೊಂಡು ಊದ್ತಿದ್ದಾರೆ" ಅಂದರು.

ದೇವರ ಮುಂದೆ ಸುಳ್ಳು ಹೇಳಬಾರದು. ವಾಪಸು ಕಟ್ಟುವ ಮುಂಚೆ ನಾನೂ ಹಾಕಿಕೊಂಡು ನೋಡಿದೆ. ನನ್ನ ಫೋನಿನಲ್ಲಿರುವ ಒಂದೇ ಒಂದು ದೇವರ ಹಾಡು ಹಾಕಿದೆ. ಹಾಡುವವಳು ಸಾಲಿನ ಮಧ್ಯೆ ಉಸಿರು ತೆಗೆದುಕೊಳ್ಳುವುದು ಕೇಳಿತು. ಹತ್ತು ವರ್ಷದಿಂದ ಕೇಳುತ್ತಿದ್ದೇನೆ, ಅವಳಿಗೂ ಉಸಿರು ಇದೆ ಅಂತ ಗೊತ್ತೇ ಇರಲಿಲ್ಲ. ಬಟ್ಟೆ ಕೋಣೆಯಲ್ಲಿ ಕೂತು ಅತ್ತೆ. ಆದರೆ ತರಿಸಿಕೊಂಡದ್ದು ನನಗಲ್ಲ. ಹನ್ನೆರಡು ದಿನ ಉಳಿದಿದೆ, ಆಮೇಲೆ ಅವರು ಬರಲ್ಲ.

ಹೊರಗಿನ ಮಾತೂ ಕೇಳಿಸಬೇಕು, ಸಂಗೀತವೂ ಕೇಳಿಸಬೇಕು. ಅಂಥದ್ದು ಇದ್ದರೆ ಕಳಿಸು. ಇಲ್ಲದಿದ್ದರೆ ಇಲ್ಲ ಅನ್ನು.

ಅಕ್ಕ


ಜೂನ್ 23

ಅಕ್ಕಾ,

ಸಿಸ್ಟರ್ ಬೈದಿದ್ದಕ್ಕೆ ನನ್ನ ತಪ್ಪೂ ಇದೆ. ಯಂತ್ರದ ಮುಂದೆ ಕೂತವರ ಕಿವಿ ಮುಚ್ಚಬಾರದು ಅಂತ ಹೊಳೆಯಲಿಲ್ಲ. ಅದಕ್ಕೆ ಕ್ಷಮಿಸು. ಆದರೆ ಕಂಬಳಿ ಹೊದ್ದುಕೊಂಡು ಊದ್ತಿದ್ದಾರೆ ಅಂದ ಆ ಮೂರನೇ ಕುರ್ಚಿಯವರನ್ನ ನನಗೆ ಕ್ಷಮಿಸೋಕೆ ಆಗಲ್ಲ. ಅದು ನಮ್ಮಲ್ಲಿ ಅತಿ ಹೆಚ್ಚು ಓಡುವ ಮಾಲು!

ಈಗ ಕಳಿಸುತ್ತಿರುವುದು ನನ್ನ ಸ್ವಂತ ಆಯ್ಕೆ. ಹಿಂದೆ ಜಾಲರಿ ಇರುವ ಓಪನ್ ಬ್ಯಾಕ್. ಹೊರಗಿನ ಮಾತು ಚೆನ್ನಾಗಿ ಒಳಗೆ ಬರುತ್ತೆ, ಒಳಗಿನ ಹಾಡು ಸ್ವಲ್ಪ ಆಚೆಗೂ ಹೋಗುತ್ತೆ. ಎಂಥಾ ಸ್ಪಷ್ಟ ಗೊತ್ತಾ! ಉಳಿದವೆಲ್ಲ ನನಗೆ ಮಬ್ಬು ಗಾಜಿನ ಹಿಂದೆ ನಿಂತ ಹಾಗೆ. ಇದೊಂದೇ ಕಿಟಕಿ ತೆರೆದ ಹಾಗೆ. ಅಂಗಡಿಯ ಉಳಿದ ಹುಡುಗರು ಇದು ಚುಚ್ಚುತ್ತೆ ಅಂತಾರೆ. ಚುಚ್ಚುತ್ತಂತೆ! ಮೆತ್ತಗಿನ ಸದ್ದಿಗೆ ಒಗ್ಗಿದ ಕಿವಿಗಳು. ಈ ತಿಂಗಳು ನಾಲ್ಕು ಜನರಿಗೆ ಇದನ್ನೇ ಹೇಳಿ ಮಾರಿದೆ. ನಮ್ಮ ಯಜಮಾನರು ಯಾಕೋ ಕನ್ನಡಕದ ಮೇಲಿಂದ ನೋಡ್ತಾರೆ. ನೋಡಿಕೊಳ್ಳಲಿ. ಹತ್ತೊಂಬತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವನು ನಾನು.

ಮರಿ


ಜುಲೈ 2

ನಿನಗೆ ಆಶೀರ್ವಾದ ಬರೆಯುವುದಕ್ಕೂ ಮನಸ್ಸಿಲ್ಲ.

ತಿಂಗಳು ಮುಗಿದರೂ ಹೊಸ ಹೆಡ್‌ಫೋನ್ ಬಂದಿದೆ ಅಂತ ಬೇಡಿಕೊಂಡು ಅವರನ್ನು ಕರೆಸಿ, ಇವತ್ತು ಅದನ್ನು ಅವರ ತಲೆಗೆ ಹಾಕಿದೆ. ಒಂದು ನಿಮಿಷ ಆಗಿಲ್ಲ, ಕಿತ್ತು ಮಡಿಲಿಗೆ ಎಸೆದರು. ಕಣ್ಣಲ್ಲಿ ನೀರು. ಸಂತೋಷದ ನೀರಲ್ಲ. "ಯಾರಮ್ಮ ಇದನ್ನ ಆರಿಸಿದ್ದು? ಕಿವಿಗೆ ದಬ್ಬಣ ಹೊಡೆದ ಹಾಗಿದೆ" ಅಂದರು. ನಾಲ್ಕನೇ ಕುರ್ಚಿಯ ದರ್ಜಿ ಕೈಚಾಚಿ ಇಸಿದುಕೊಂಡು ಕೇಳಿದ. "ಇದು ಹಾಡಲ್ಲಮ್ಮ, ತಗಡಿನ ಮೇಲೆ ಕತ್ತರಿ ಎಳೆದದ್ದು" ಅಂದ. ದೊಡ್ಡ ಸಿಸ್ಟರ್ ಕೇಳಿ ಮುಖ ಕಿವುಚಿದರು. ನಾನೂ ಕೇಳಿದೆ. ನನ್ನ ದೇವರ ಹಾಡಿನಲ್ಲಿ "ಸ" ಬಂದ ಕಡೆಯೆಲ್ಲ ಹಾವು ಬುಸ್ ಅಂದಂತೆ.

ಆಗ ನನಗೆ ಅರ್ಥವಾಯಿತು. ನಿನಗೆ ಗೊತ್ತಾಗಿಹೋಗಿದೆ. ಯಾರೋ ಹೇಳಿದ್ದಾರೆ.

ಹೌದು, ಅವರು ನಮ್ಮ ಬ್ಯಾಂಡ್ ಮೇಷ್ಟ್ರೇ. ನಿನ್ನನ್ನು ಹತ್ತನೇ ವಯಸ್ಸಿಗೆ ಬ್ಯಾಂಡಿಗೆ ಸೇರಿಸಿಕೊಂಡು, ಏಳು ವರ್ಷ ಬರೀ ಹಿತ್ತಾಳೆಯ ತಾಳದ ತಟ್ಟೆ ಬಾರಿಸೋಕೆ ನಿಲ್ಲಿಸಿ, ಟ್ರಂಪೆಟ್ ಕೊಡ್ತೀನಿ ಕೊಡ್ತೀನಿ ಅಂತ ಹೇಳಿ, ಒಂದು ದಿನ ಎಲ್ಲರೆದುರಿಗೆ "ನಾಳೆಯಿಂದ ಬರಬೇಡ" ಅಂದವರೇ. ನೀನು ಮೂರು ದಿನ ಊಟ ಬಿಟ್ಟಿದ್ದು ನನಗೆ ಮರೆತಿಲ್ಲ. ಅದಕ್ಕೇ ಹೆಸರು ಹೇಳಲಿಲ್ಲ. ಹೇಳಿದರೆ ನೀನು ಕಳಿಸುತ್ತಿರಲಿಲ್ಲ. ಮುಚ್ಚಿಟ್ಟಿದ್ದು ನನ್ನ ತಪ್ಪು, ದಿನಾ ಪ್ರಾರ್ಥನೆಯಲ್ಲಿ ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ.

ಆದರೆ ನಿನ್ನದು? ಸೂಜಿ ಚುಚ್ಚಿಸಿಕೊಂಡು ಕುರ್ಚಿಗೆ ಕಟ್ಟಿಬಿದ್ದ ಎಪ್ಪತ್ತಾರು ವರ್ಷದ ಮುದುಕನ ಕಿವಿಗೆ, ಇಪ್ಪತ್ತೇಳು ವರ್ಷದ ಹಗೆಯನ್ನು ಡಬ್ಬಿಯಲ್ಲಿ ಕಟ್ಟಿ ಕಳಿಸಿದೆಯಾ? "ಇನ್ನೊಂದು ವಾರ ನೋಡ್ತೀನಮ್ಮ, ಅದೂ ನಿನ್ನ ಮುಖ ನೋಡಿ" ಅಂತ ಅವರು ನನಗೆ ಹೇಳಿದರು. ನಿನ್ನನ್ನು ಎತ್ತಿ ಆಡಿಸಿದ ಕೈ ಇದು. ನಾಚಿಕೆಯಾಗುತ್ತೆ.

ಅಕ್ಕ


ಜುಲೈ 5

ಅಕ್ಕಾ,

ನನಗೆ ಗೊತ್ತಿರಲಿಲ್ಲ. ಅಪ್ಪ ಅಮ್ಮನ ಆಣೆ, ಗೊತ್ತಿರಲಿಲ್ಲ. ನಿನ್ನ ಕಾಗದ ಓದಿದ ಮೇಲೇ ಗೊತ್ತಾಗಿದ್ದು. ದಿನಾ ದೇವರ ಮುಂದೆ ಕೂರುವ ನೀನು ತಮ್ಮನಿಗೆ ಸುಳ್ಳು ಹೇಳಿ, ನನ್ನ ಕೈಯಿಂದಲೇ ಅವರ ಸೇವೆ ಮಾಡಿಸಿ, ಕೊನೆಗೆ ಹಗೆ ಸಾಧಿಸಿದೆ ಅಂತ ನನಗೇ ಬೈತೀಯಲ್ಲ, ಇದು ಯಾವ ನ್ಯಾಯ?

ನನ್ನ ಹತ್ತಿರ ಇದ್ದದ್ದರಲ್ಲಿ ಅತ್ಯುತ್ತಮವಾದದ್ದನ್ನ ಕಳಿಸಿದೆ. ನಾಲ್ಕು ಗಿರಾಕಿಗಳೂ ಅದನ್ನ ಈ ವಾರ ವಾಪಸು ತಂದು ಯಜಮಾನರ ಮುಂದೆ ಇಟ್ಟರು. ಎಲ್ಲರದೂ ಒಂದೇ ಮಾತು, ಚುಚ್ಚುತ್ತೆ. ನಾನು ಅವರ ಎದುರಿಗೇ ಹಾಕಿಕೊಂಡು ಕೇಳಿದೆ. ನನಗೆ ಚುಚ್ಚಲ್ಲ. ಎಷ್ಟು ಜೋರು ಮಾಡಿದರೂ ಚುಚ್ಚಲ್ಲ. ಊರಿನವರೆಲ್ಲ ಸೇರಿ ನನ್ನನ್ನು ಹುಚ್ಚ ಮಾಡ್ತಿದ್ದೀರಾ?

ಆ ಮನುಷ್ಯನಿಗೆ ಇನ್ನು ನನ್ನಿಂದ ಒಂದು ವೈರ್ ತುಂಡೂ ಬರಲ್ಲ. ಯಂತ್ರದ ಸದ್ದು ಕೇಳಿಕೊಂಡಿರಲಿ.

ಮರಿ


ಜುಲೈ 11

ಮರಿ,

ಕೂತು ಓದು. ನಿಂತು ಓದಬೇಡ.

ಮೊನ್ನೆ ಮಂಗಳವಾರ ಮೇಷ್ಟ್ರು ಬಂದಿದ್ದರು. ನನಗೆ ತಡೆಯಲಾರದ ಸಿಟ್ಟು. ನಿನ್ನ ಮೇಲೋ, ನನ್ನ ಮೇಲೋ ಗೊತ್ತಾಗಲಿಲ್ಲ. ಕಂಬಳಿ ಹೊದಿಸುತ್ತಾ, "ಮೇಷ್ಟ್ರೇ, ಹೆಡ್‌ಫೋನ್ ಕಳಿಸುತ್ತಿದ್ದವನು ನನ್ನ ತಮ್ಮ. ನೀವು ಓಡಿಸಿದ ಹುಡುಗ. ಇನ್ನು ಕಳಿಸಲ್ಲ ಅಂತ ಬರೆದಿದ್ದಾನೆ" ಅಂತ ನಿನ್ನ ಕಾಗದವನ್ನು ಅವರ ಎದುರಿಗೇ ಓದಿದೆ. ಅವರಿಗೂ ನೋಯಲಿ ಅಂತಲೇ ಓದಿದೆ.

"ಆ ಸಾಲು ಇನ್ನೊಂದು ಸಲ ಓದು" ಅಂದರು.

"ಯಾವುದು? ವೈರ್ ತುಂಡೂ ಬರಲ್ಲ ಅಂದದ್ದಾ?"

"ಅಲ್ಲ. ಚುಚ್ಚಲ್ಲ ಅಂದನಲ್ಲ, ಅದು."

ಓದಿದೆ. ಆಮೇಲೆ, "ಅವನಿಗೆ ಮೇಲಿನ ಸ್ವರಗಳು ಕೇಳಿಸಲ್ಲ ಕಣಮ್ಮ. ಅದಕ್ಕೇ ಅವನಿಗೆ ಇದು ಸ್ಪಷ್ಟ, ನಮಗೆ ದಬ್ಬಣ. ಈಗ ಇನ್ನೂ ಹೆಚ್ಚಾಗಿದೆ ಅಷ್ಟೇ. ಆಗಲೇ ಕೇಳಿಸ್ತಿರಲಿಲ್ಲ" ಅಂದರು.

"ಆಗಲೇ ಅಂದರೆ?"

"ನಾನು ಕಳಿಸಿದಾಗ. ನನಗೆ ಅನುಮಾನ ಬಂದಿತ್ತು. ಒಂದು ದಿನ ಹುಡುಗರನ್ನೆಲ್ಲ ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸಿ, ಹಿಂದಿನಿಂದ ಸಣ್ಣ ಕೊಳಲಿನ ತುದಿಯ ಸ್ವರ ಊದಿದೆ. ಕೇಳಿದವರು ತಿರುಗಿ ಅಂತ ಹೇಳಿದ್ದೆ. ಎಲ್ಲರೂ ತಿರುಗಿದರು. ಅವನೊಬ್ಬ ಗೋಡೆ ನೋಡಿಕೊಂಡೇ ನಿಂತಿದ್ದ."

ನೀರಿನ ಲೋಟವನ್ನು ಕುಕ್ಕಿದ ರಭಸಕ್ಕೆ ನೀರು ಅವರ ಕಂಬಳಿ ಮೇಲೆ ಚೆಲ್ಲಿತು. "ಹೇಳಬಾರದಿತ್ತೇ ಮೇಷ್ಟ್ರೇ? ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗ್ತಿದ್ದೆವಲ್ಲ?"

"ಹೇಳಿದ್ದರೆ, ತಗಡಿನ ಸೂರಿನ ಆ ಚಿಕ್ಕ ಕೋಣೇಲಿ ಏಳು ವರ್ಷ ಅವನ ಕೈಗೆ ತಾಳದ ತಟ್ಟೆ ಕೊಟ್ಟು, ಆ ಸದ್ದಿನಲ್ಲಿ ನಿಲ್ಲಿಸಿ ಕಿವಿ ಕೆಡಿಸಿದ್ದು ಯಾರು ಅಂತ ನಿಮ್ಮಪ್ಪ ಕೇಳ್ತಿದ್ದರು."

ಮರಿ, ನಾನು ಅಲ್ಲಿ ಕೆಲಸದವಳು, ಅವರು ರೋಗಿ. ಅದೆಲ್ಲ ಮರೆತೆ. "ಇಪ್ಪತ್ತೇಳು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದಿರಲ್ಲ, ನುಂಗೋಕೂ ಆಗಲಿಲ್ಲವಾ, ಉಗುಳೋಕೂ ಆಗಲಿಲ್ಲವಾ! ತನಗೇನೂ ಬರಲ್ಲ ಅಂತ ಓಡಿಸಿದರು ಅಂದುಕೊಂಡೇ ಬದುಕಿದ ನನ್ನ ತಮ್ಮ!" ಅಂತ ಕಿರುಚಿದೆ. ಆರು ಯಂತ್ರಕ್ಕಿಂತ ಜೋರಾಗಿ. ದರ್ಜಿ ತನಗೆ ಬೈದ ಹಾಗೆ ತಲೆ ತಗ್ಗಿಸಿದ. ದೊಡ್ಡ ಸಿಸ್ಟರ್ ಬಂದರು, ನನ್ನ ಮುಖ ನೋಡಿ ವಾಪಸು ಹೋದರು. ಒದ್ದೆ ಕಂಬಳಿ ಬದಲಾಯಿಸಿದೆ. ಅದು ನನ್ನ ಕೆಲಸ.

ಇವತ್ತು ಗುರುವಾರ. ಮೂರನೇ ಕುರ್ಚಿ ಖಾಲಿ. ನಾನು ಬೈದಿದ್ದಕ್ಕೇ ಬರಲಿಲ್ಲವೋ ಏನೋ. ಬೈದಿದ್ದು ತಪ್ಪು ಅಂತ ಮಾತ್ರ ನನಗೆ ಅನ್ನಿಸುತ್ತಿಲ್ಲ.

ನೀನು ಕಿವಿ ಡಾಕ್ಟರ ಹತ್ತಿರ ಹೋಗು. ಇವತ್ತೇ ಹೋಗು.

ಅಕ್ಕ


ಜುಲೈ 14

ಅಕ್ಕಾ,

ನಿನ್ನೆ ಹೋಗಿದ್ದೆ. ದಪ್ಪ ಬಾಗಿಲಿನ ಚಿಕ್ಕ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಅಗ್ಗದ್ದು. ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂದರು. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿದೆ ಅಂತ ಹೇಳೋಕೆ ಬಾಗಿಲು ತಟ್ಟಿದೆ.

ಕೆಟ್ಟಿರಲಿಲ್ಲ.

ಚಿಕ್ಕಂದಿನಲ್ಲಿ ಜೋರು ಸದ್ದಿನಿಂದ ಬಿದ್ದ ಪೆಟ್ಟು ಅಂದರು. ಮೇಲೆ ವಯಸ್ಸು, ಮೇಲೆ ಅಂಗಡಿ. ಹೋದದ್ದು ಬರಲ್ಲ, ಇರುವುದನ್ನ ಕಾಪಾಡಿಕೊಳ್ಳಿ ಅಂದರು. ಇನ್ನು ನಿನ್ನಿಂದ ಮುಚ್ಚಿಟ್ಟು ಏನು? ಫೋನಿನಲ್ಲಿ ನಿನ್ನ ಮಾತು ಎರಡು ವರ್ಷದಿಂದ ನನಗೆ ಅರ್ಧಂಬರ್ಧ. ಗದ್ದಲ ಅಂತ ನಿನಗೆ ಹೇಳುತ್ತಿದ್ದೆ, ಫೋನ್ ಕೆಟ್ಟಿದೆ ಅಂತ ನನಗೆ ಹೇಳಿಕೊಳ್ಳುತ್ತಿದ್ದೆ.

ಈಗ ಆ ಮನುಷ್ಯ ಕುರ್ಚಿ ಖಾಲಿ ಮಾಡಿ ಮನೆಯಲ್ಲಿ ಮಲಗಿದ್ದಾರಾ? ಎಷ್ಟು ಸುಲಭ! ಆಗಲೂ ಒಂದು ಮಾತಿನಲ್ಲಿ ಮುಗಿಸಿದರು, ಈಗಲೂ ಒಂದೇ ಸಲಕ್ಕೆ ಮುಗಿಸಿ ಹೋಗೋದಾ? ಹೋಗೋಕೆ ಬಿಡಬೇಡ. ಸತ್ತು ಜಾರಿಕೊಳ್ಳೋದು ನಡೆಯಲ್ಲ ಅಂತ ನಾನು ಹೇಳಿದೆ ಅನ್ನು. ಈ ಕಾಗದವನ್ನೇ ಓದು.

ಡಬ್ಬಿಯಲ್ಲಿ ಮೂರು ಹೆಡ್‌ಫೋನ್ ಇವೆ. ಕೆಂಪು ದಾರ, ಬಿಳಿ ದಾರ, ಕಪ್ಪು ದಾರ ಕಟ್ಟಿದ್ದೇನೆ. ಮೂರರ ಬಟ್ಟಲೂ ಜಾಲರಿಯದೇ, ಸಿಸ್ಟರ್ ಮಾತು ಕೇಳಿಸುತ್ತೆ. ಅವರು ಕುರ್ಚಿಯಲ್ಲಿ ಕೂರಬೇಕು. ಒಂದೊಂದನ್ನೂ ಹಾಕಿಕೊಂಡು, ಬ್ಯಾಂಡು, ಹಾಡು, ಡ್ರಮ್ಮು ಎಲ್ಲ ಕೇಳಬೇಕು. ನನಗೆ ಕೇಳಿಸದೆ ಇರೋದು ಅದರಲ್ಲಿ ಏನಿದೆ ಅಂತ ಒಂದೂ ಬಿಡದೆ ಹೇಳಬೇಕು. ನೀನು ಬರೆಯಬೇಕು. ಅವರ ಬ್ಯಾಂಡಿನಲ್ಲಿ ಹೋದ ಕಿವಿಯ ಕೆಲಸ, ಅವರ ಕಿವಿಯೇ ಮಾಡಲಿ.

ದಯೆಯಿಂದ ಕೇಳ್ತಿದ್ದೇನೆ ಅಂದುಕೊಳ್ಳಬೇಡ.

ಮರಿ


ಜುಲೈ 16

ಮರಿ,

ಮೇಷ್ಟ್ರು ಶನಿವಾರವೂ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಡಬ್ಬಿ ಬಂತು. ದೊಡ್ಡ ಸಿಸ್ಟರ್‌ಗೆ ಹೇಳಿ, ಕೆಲಸದ ಸೀರೆಯಲ್ಲೇ ಅವರ ಮನೆಗೆ ಹೋದೆ.

ಸೊಸೆ ಬಾಗಿಲು ತೆಗೆದಳು. ಅತ್ತು ಅತ್ತು ಕಣ್ಣು ಊದಿತ್ತು. ಒಳಗೆ ಮೇಷ್ಟ್ರು ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ. ಪಾದ ಹಿಟ್ಟಿನ ಮುದ್ದೆಯ ಹಾಗೆ ಊದಿವೆ. ನನ್ನನ್ನು ನೋಡಿ, "ಇನ್ನೂ ಬೈಯೋದು ಉಳಿದಿದೆಯಾ?" ಅಂದರು.

"ನನ್ನದು ಮುಗಿದಿದೆ. ಇದು ಅವನದು" ಅಂತ ನಿನ್ನ ಕಾಗದ ಓದಿದೆ.

"ನಾನು ಸತ್ತು ಜಾರಿಕೊಳ್ತಿದ್ದೀನಿ ಅಂದನಾ?"

"ಅಂದ."

"ಬಾಯೇ ಇರಲಿಲ್ಲವಲ್ಲ ಆ ಹುಡುಗನಿಗೆ. ಯಾವಾಗ ಬಂತು?"

"ಕಿವಿ ಹೋದ ಮೇಲೆ" ಅಂದೆ.

ಗೋಡೆ ನೋಡಿದರು. ಆಮೇಲೆ ಸೊಸೆಗೆ, "ಆ ಅಂಗಿ ಕೊಡು" ಅಂದರು. ಅವಳು ಓಡಿದ ವೇಗಕ್ಕೆ ಬಾಗಿಲ ಪರದೆ ಹರಿಯಿತು. ಬಾಡಿಗೆ ಕಾರು ಮಾಡಿ ಕರೆದುಕೊಂಡು ಬಂದೆವು. ದೊಡ್ಡ ಸಿಸ್ಟರ್ ತೂಕ ನೋಡಿ, ಇನ್ನೆರಡು ದಿನ ಬಿಟ್ಟಿದ್ದರೆ ಕಥೆ ಬೇರೆ ಅಂತ ನನ್ನ ಕಿವಿಯಲ್ಲಿ ಹೇಳಿದರು. ಎರಡು ಗಂಟೆ ಯಂತ್ರ ಓಡಿತು. ಉಸಿರು ಸರಿಯಾದ ಮೇಲೆ "ಎಲ್ಲಿ, ತಾ" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ:

"ಕೆಂಪು ದಾರ: ಹೆಣ್ಣು ಗಂಟಲಿಗೆ ಚೆನ್ನ. ಟ್ರಂಪೆಟ್ ಇದರಲ್ಲಿ ಶೀತ ಆದವನು ಊದಿದ ಹಾಗೆ. ಬ್ಯಾಂಡ್ ಕೇಳುವವನಿಗೆ ಇದನ್ನ ಮಾರಿದರೆ ಪಾಪ ಸುತ್ತಿಕೊಳ್ಳುತ್ತೆ.

ಬಿಳಿ ದಾರ: ದೊಡ್ಡ ಡೋಲು ಹೊಡೆದರೆ ಉಳಿದವರೆಲ್ಲ ಎದ್ದು ಹೊರಗೆ ಹೋಗ್ತಾರೆ. ಕುಣಿಯುವವರಿಗೆ ಕೊಡು.

ಕಪ್ಪು ದಾರ: ಇದು ಮನುಷ್ಯರು ಮಾಡಿದ್ದು. ಎಡಕ್ಕೆ ಕ್ಲಾರಿಯೋನೆಟ್ಟು, ಬಲಕ್ಕೆ ಟ್ರಂಪೆಟ್ಟು, ಹಿಂದೆ ದೊಡ್ಡ ಕೊಂಬು. ಮೇಲಿನ ಸ್ವರ ಇದೆ, ಆದರೆ ಕಚ್ಚಲ್ಲ. ನೀನು ಕಳಿಸಿದ್ದ ಆ ಹಾಳು ಡಬ್ಬಿಯನ್ನು ಇದರ ಪಕ್ಕ ಇಟ್ಟು ಕೇಳಬೇಡ, ನಿನಗೆ ಅದೇ ವಾಸಿ ಅನ್ನಿಸುತ್ತೆ. ಅನ್ನಿಸಿದರೆ ನಂಬಬೇಡ."

ಕಪ್ಪು ದಾರದ್ದು ಹಾಕಿಕೊಂಡಾಗ ಸದ್ದು ಆಚೆಗೂ ಬರುತ್ತಿತ್ತು. ಸಿಸ್ಟರ್ ಬೈತಾರೇನೋ ಅಂತ ನಾನು ತಗ್ಗಿಸಲು ಹೋದರೆ ದರ್ಜಿ, "ಇರಲಿ ಬಿಡಮ್ಮ, ಈಗ ತಾನೆ ಒಳ್ಳೇ ಜಾಗ ಬಂದಿದೆ" ಅಂದ.

ಈಗ ನನ್ನ ಮಾತು. ಇದನ್ನು ನಿನ್ನದೇ ಕಿವಿ ಅಂತ ಹೇಳಿ ಅಂಗಡಿಯಲ್ಲಿ ಮಾರಿದರೆ, ಒಬ್ಬರು ಮುಚ್ಚಿಟ್ಟದ್ದಕ್ಕೆ ಇನ್ನೊಬ್ಬರು ಮುಚ್ಚಿಟ್ಟ ಹಾಗೆ. ನಿನ್ನ ಯಜಮಾನರಿಗೆ ಎಲ್ಲ ಹೇಳು. ಆ ನಾಲ್ಕು ಗಿರಾಕಿಗಳಿಗೂ ಹೇಳು. ಹೇಳುವವರೆಗೆ ನಾನು ಇನ್ನೊಂದು ಸಾಲೂ ಬರೆದುಕೊಡಲ್ಲ. ಕೆಲಸ ಹೋದರೆ ಅಂತೀಯ. ಹೋಗಲಿ. ಮನೆಗೆ ಬಾ, ಅನ್ನ ಹಾಕ್ತೀನಿ. ಸುಳ್ಳಿನ ಅನ್ನ ಅಲ್ಲಿ ತಿನ್ನಬೇಡ.

ಅಕ್ಕ


ಜುಲೈ 21

ಅಕ್ಕಾ,

ನಿನ್ನ ಕಾಗದ ಬಂದ ದಿನ ನಿನ್ನ ಮೇಲೆ ಬಂದಷ್ಟು ಸಿಟ್ಟು ಮೇಷ್ಟ್ರ ಮೇಲೂ ಬಂದಿರಲಿಲ್ಲ. ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಮೂರನೇ ದಿನ ಯಜಮಾನರ ಮುಂದೆ ಡಾಕ್ಟರ್ ಚೀಟಿ ಇಟ್ಟೆ.

ಅವರಿಗೆ ಮೊದಲೇ ಅನುಮಾನ ಇತ್ತಂತೆ. ಇವರೂ ಹೇಳಿರಲಿಲ್ಲ! ಅಂಗಡೀಲೇ ಕೂಗಾಡಿದೆ. "ನಿಮಗೆಲ್ಲ ಏನು ರೋಗ? ನನ್ನ ಕಿವಿ ವಿಷಯ ನನ್ನನ್ನ ಬಿಟ್ಟು ಎಲ್ಲರಿಗೂ ಗೊತ್ತು!" ಅಂದೆ. ಅವರು ಕನ್ನಡಕ ಒರೆಸಿಕೊಂಡು, "ಈಗ ಗೊತ್ತಾಯಿತಲ್ಲ, ಕೂತ್ಕೋ" ಅಂದರು. ಕೌಂಟರಿನಿಂದ ಇಳಿಸಿ ರಿಪೇರಿ ಟೇಬಲ್ಲಿಗೆ ಹಾಕಿದ್ದಾರೆ. ಅವಮಾನ ಅಂದುಕೊಂಡಿದ್ದೆ. ವೈರ್ ಬೆಸುಗೆ ಹಾಕೋಕೆ ಕಿವಿ ಬೇಡ. ನಾಲ್ಕು ಗಿರಾಕಿಗಳಿಗೂ ನಾನೇ ಫೋನ್ ಮಾಡಿದೆ. ಅವರು ಏನಂದರು ಅಂತ ಪೂರ್ತಿ ಕೇಳಿಸಲಿಲ್ಲ. ಆ ಡ್ರಮ್ಮಿನ ವಕೀಲರು ಬೈದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಆ ನಾಲ್ವರಲ್ಲಿ ಅವರೂ ಒಬ್ಬರು, ಎರಡನೇ ಸಲ ಬಂದು ಕೊಂಡಿದ್ದರು.

ಮೇಷ್ಟ್ರು ಹೇಳಿದ್ದನ್ನ ಯಜಮಾನರು ಮೂರು ಸಲ ಓದಿದರು. "ಬಾಯಿ ಕೆಟ್ಟದು, ಕಿವಿ ಚಿನ್ನ. ಇನ್ನೂ ಎರಡು ಕಳಿಸು" ಅಂದರು. ನೀನು ಬರೆದುಕೊಟ್ಟದ್ದನ್ನ ಹೊಸ ಗಿರಾಕಿಗಳಿಗೆ ತೋರಿಸೋಕೆ ಇಟ್ಟುಕೊಳ್ತಾರಂತೆ. ಅದರ ಮೇಲೆ "ಬ್ಯಾಂಡ್ ಮೇಷ್ಟ್ರು ಕೇಳಿ ಹೇಳಿದ್ದು" ಅಂತ ಇರುತ್ತೆ. ನೀನು ಕೇಳುವ ಮುಂಚೆಯೇ ಹೇಳಿಬಿಡ್ತಿದ್ದೇನೆ. ಎರಡು ಹೆಡ್‌ಫೋನ್ ಕಳಿಸಿದ್ದೇನೆ, ಹಸಿರು ದಾರ, ಹಳದಿ ದಾರ.

ಮೇಷ್ಟ್ರಿಗೆ ಒಂದು ಪ್ರಶ್ನೆ. ಹೆಡ್‌ಫೋನಿನದಲ್ಲ. ನಾನೊಬ್ಬ ತಿರುಗದೆ ಗೋಡೆ ನೋಡಿಕೊಂಡು ನಿಂತಿದ್ದೆನಲ್ಲ, ಆಗ ಹಿಂದಿನಿಂದ ನೋಡ್ತಿದ್ದ ಅವರಿಗೆ ಏನನ್ನಿಸಿತು? ಇದರ ಉತ್ತರ ನಿನ್ನ ಅಕ್ಷರದಲ್ಲಿ ಬೇಡ. ಅವರೇ ಬರೆಯಲಿ.

ಮರಿ


ಜುಲೈ 25

ಪ್ರೀತಿಯ ಮರಿಗೆ ಅಕ್ಕನ ಆಶೀರ್ವಾದ.

ಮಂಗಳವಾರ ನಿನ್ನ ಪ್ರಶ್ನೆ ಓದಿದೆ. ಹಸಿರು ದಾರದ ಬಗ್ಗೆ ಒಂದು ಪುಟ ಬೈದು ಬರೆಸಿದರು, ಹಳದಿಯ ಬಗ್ಗೆ ಅರ್ಧ ಪುಟ. ಎರಡೂ ಇದರ ಜೊತೆಗಿವೆ. ನಿನ್ನ ಪ್ರಶ್ನೆಗೆ ಮಾತ್ರ "ಗುರುವಾರ ನೋಡೋಣ" ಅಂದರು. ಮತ್ತೆ ಜಾರುತ್ತಿದ್ದಾರೆ ಅಂತ ನನಗೆ ಮೈಯೆಲ್ಲ ಉರಿಯಿತು. "ಗುರುವಾರ ನೀವು ಬರದಿದ್ದರೆ ನಾನೇ ಮನೆಗೆ ಬರ್ತೀನಿ" ಅಂದೆ.

ಇವತ್ತು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಸೂಜಿ ಚುಚ್ಚಿದ ಮೇಲೆ ಪೆನ್ನು ಕೇಳಿದರು. ಬಲಗೈ ಯಂತ್ರಕ್ಕೆ ಕಟ್ಟಿದೆ, ಮಡಚುವ ಹಾಗಿಲ್ಲ. ಹೋಗಲಿ ಮೇಷ್ಟ್ರೇ, ಹೇಳಿ, ನಾನು ಬರೆಯುತ್ತೇನೆ ಅಂದೆ. "ಅವನು ಬೇಡ ಅಂದಿದ್ದಾನಲ್ಲ" ಅಂತ ಎಡಗೈಯಲ್ಲೇ ಬರೆಯಲು ಹೊರಟರು. ದರ್ಜಿ ತನ್ನ ಕುರ್ಚಿಯಿಂದ ಕೈ ಚಾಚಿ ಕಾಗದ ಒತ್ತಿ ಹಿಡಿದ. ಇಪ್ಪತ್ತು ನಿಮಿಷ ಹಿಡಿಯಿತು. ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಅಕ್ಷರ ಒಂದರ ಮೇಲೊಂದು ಬಿದ್ದಿವೆ. ನಿನಗೆ ಓದಲು ಆಗದಿದ್ದರೆ, ಅದರಲ್ಲಿರುವುದು ಇಷ್ಟು: "ಹೆದರಿಕೆ ಆಯಿತು. ನಿನಗಾಗಿ ಅಲ್ಲ. ನನಗಾಗಿ."

ಕೊಟ್ಟ ಮೇಲೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಓದಿದೆ. ಇಪ್ಪತ್ತೇಳು ವರ್ಷಕ್ಕೆ ಒಂದೂವರೆ ಸಾಲು. ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವವಳಲ್ಲ ನಾನು, ನಿನಗೆ ಗೊತ್ತಲ್ಲ. "ಇದು ಸಾಲದು ಮೇಷ್ಟ್ರೇ" ಅಂದೆ.

"ಸಾಲದು" ಅಂತ ಅವರೂ ಒಪ್ಪಿಕೊಂಡರು. ಕಪ್ಪು ದಾರದ್ದನ್ನು ತಾವೇ ತೆಗೆದು ತಲೆಗೆ ಹಾಕಿಕೊಳ್ಳುತ್ತಾ, "ಶನಿವಾರ ಇದೆಯಲ್ಲ" ಅಂದರು.

ನಿನ್ನ ಅಕ್ಕ